ಟಿಣ್ ಎಂದ ಗುರಾಣಿ

"ಇನ್ನೊಂದು ಸಲ ಬಾರಿಸು," ಎಂದಳು ಅತ್ತೆ.

ಯಜಮಾನಿ ಲ್ಯಾಪ್‌ಟಾಪಿನಲ್ಲಿ ಆ ಫೈಲನ್ನು ಮತ್ತೆ ಒತ್ತಿದಳು. ಅದು ಕಳ್ಳನಲ್ಲ, ಕಳ್ಳನ ವೇಷ ಹಾಕಿದ ಸಾಧು. ಆಂಟಿವೈರಸ್ ಎಚ್ಚರವಾಗಿದೆಯೋ ತೂಕಡಿಸುತ್ತಿದೆಯೋ ಎಂದು ನೋಡುವುದಕ್ಕೆಂದೇ ಸಿಗುವ ನಿರಪಾಯದ ಫೈಲು. ಪರದೆಯ ಮೂಲೆಯಲ್ಲಿ ಕೆಂಪು ಚೌಕವೊಂದು ಎದ್ದಿತು. ಟಿಣ್ ಎಂದಿತು.

ಪಕ್ಕದ ಕೋಣೆಯಲ್ಲಿ ಮರಕ್ಕೆ ಉಜ್ಜುಕಾಗದ ತಿಕ್ಕುತ್ತಿದ್ದ ಸದ್ದು ನಿಂತಿತು.

"ಹ್ಞೂಂ," ಎನ್ನುತ್ತ ಅತ್ತೆ ಒಂದು ಚೀಟಿಯಲ್ಲಿ ಏನೋ ಗೀಚಿಕೊಂಡಳು.

ಒಂಬತ್ತು ದಿನಗಳ ಹಿಂದೆ ಈ ಕಾರ್ಯಾಗಾರದ ಮುಂದಿನ ಕೋಣೆಯ ಕಂಪ್ಯೂಟರಿನಲ್ಲಿ ನಾನೂರ ಹನ್ನೆರಡು ಜನರ ಕಾಲಿನ ಅಳತೆಗಳಿಗೆ ಯಾವುದೋ ವೈರಸ್ ಬೀಗ ಜಡಿದಿತ್ತು. ಕಾವಲಿಗಿದ್ದ ಹಳೆಯ ಆಂಟಿವೈರಸ್ಸನ್ನು ಎರಡು ತಿಂಗಳ ಮೊದಲೇ ಒಳಗಿನವರೊಬ್ಬರು ನಿಲ್ಲಿಸಿಟ್ಟಿದ್ದರು ಎಂಬುದು ನಿನ್ನೆಯಷ್ಟೇ ಬಯಲಾಗಿತ್ತು.

ಗೋಡೆಯ ಗಡಿಯಾರ ಒಂದೂವರೆ ತೋರಿಸುತ್ತಿತ್ತು. ನಾಲ್ಕಕ್ಕೆ ಆಸ್ಪತ್ರೆಯಿಂದ ತಪಾಸಣೆಯವರು ಬರುತ್ತಾರೆ.

ಇಲ್ಲಿ ತಯಾರಾಗುವುದು ಯಾವ ಅಂಗಡಿಯಲ್ಲೂ ಸಿಗದ ಬೂಟುಗಳು. ಒಂದು ಕಾಲು ಗಿಡ್ಡವಿರುವವರಿಗೆ, ಪಾದ ಒಳಕ್ಕೆ ತಿರುಗಿರುವವರಿಗೆ, ಬೆರಳು ಕಳೆದುಕೊಂಡವರಿಗೆ. ಬರುವವರಲ್ಲಿ ಮುಕ್ಕಾಲು ಪಾಲು ಆ ಆಸ್ಪತ್ರೆ ಕಳಿಸಿದವರೇ. ತಪಾಸಣೆಯವರ ಪತ್ರದಲ್ಲಿ ಎರಡೇ ಪ್ರಶ್ನೆಗಳಿದ್ದವು. ಇನ್ನು ಮುಂದೆ ಯಾವ ಆಂಟಿವೈರಸ್ ಬಳಸುತ್ತೀರಿ? ಹಿಂದಿನ ಬಾರಿ ವೈರಸ್ ಹೇಗೆ ಒಳಗೆ ಬಂತು? ಉತ್ತರ ಸರಿಹೋಗದಿದ್ದರೆ ಆಸ್ಪತ್ರೆ ಒಂದು ಕಾಲನ್ನೂ ಇತ್ತ ಕಳಿಸುವುದಿಲ್ಲ, ಮತ್ತು ಆಸ್ಪತ್ರೆಯಿಲ್ಲದೆ ಈ ಶಟರು ಇನ್ನು ಮೂರು ತಿಂಗಳು ತೆರೆದಿರುವುದಿಲ್ಲ. ಯಜಮಾನಿಗೆ ಇದು ಬಾಯಿಪಾಠವಾಗಿತ್ತು. ಒಂಬತ್ತು ರಾತ್ರಿ ದಿಂಬಿಗೆ ಹೇಳಿದ್ದಳು.

"ಎರಡು ಪ್ರಶ್ನೆ ಅಲ್ಲ ಪುಟ್ಟೀ, ಒಂದೇ," ಎಂದು ಅತ್ತೆ ಮೊದಲ ದಿನವೇ ಹೇಳಿದ್ದಳು. "ಕಳ್ಳ ಯಾವ ಬಾಗಿಲಿಂದ ಬಂದ ಅಂತ ಗೊತ್ತಾಗದೆ ಬೀಗ ಕೊಳ್ಳೋಕೆ ಹೋದ್ರೆ, ಕಿಟಕಿಗೆ ಹಾಕೋ ಬೀಗ ತಂದು ಬಾಗಿಲಿಗೆ ನೇತು ಹಾಕ್ತೀಯ."

ಈ ಅತ್ತೆ ಯಜಮಾನಿಯ ತಂದೆಯ ಒಡಹುಟ್ಟಿದ ತಂಗಿ. ರೈಲು ನಿಲ್ದಾಣದ ಕಳೆದ ಸಾಮಾನುಗಳ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕೂತು ನಿವೃತ್ತಳಾದವಳು. ಬಿಟ್ಟುಹೋದ ಕೊಡೆಯೊಂದನ್ನು ಮೂಸಿ ನೋಡಿ ಅದರ ಒಡೆಯ ಯಾವ ವೃತ್ತಿಯವನೆಂದು ಹೇಳಬಲ್ಲಳು ಎಂದು ಜನ ಆಡಿಕೊಳ್ಳುತ್ತಿದ್ದರು, ಆಕೆಯೂ ಅಲ್ಲಗಳೆಯುತ್ತಿರಲಿಲ್ಲ. ಕಚೇರಿಯಿಂದ ತಂದದ್ದು ಎರಡೇ. ಎದುರಿಗಿರುವವರನ್ನು ಅಡಿಯಿಂದ ಮುಡಿಯವರೆಗೆ ನೋಡುವ ಚಾಳಿ, ಮತ್ತು ಕೆಂಪು-ಬಿಳಿ ದಾರ ಪೋಣಿಸಿದ ಕಂದು ರಟ್ಟಿನ ಚೀಟಿಗಳ ಒಂದು ದೊಡ್ಡ ಕಟ್ಟು. ಆಕೆಯ ಕನ್ನಡಕದ ಡಬ್ಬಿಗೂ ಚೀಟಿ, ನೀರಿನ ಬಾಟಲಿಗೂ ಚೀಟಿ.

ಈಗ ಮೇಜಿನ ಮೇಲೆ ಮೂರು ಚೀಟಿಗಳಿದ್ದವು. ಒಂದೊಂದು ಆಂಟಿವೈರಸ್ಸಿಗೆ ಒಂದೊಂದು.

ಮೊದಲನೆಯದು ಬಿಟ್ಟಿ ಸಿಗುವಂಥದು. ಯಜಮಾನಿಗೆ ಅದರ ಮೇಲೆ ಮನಸ್ಸಿತ್ತು. ಅತ್ತೆ ಭೂತಗನ್ನಡಿ ಹಿಡಿದು ಅದರ ಕರಾರನ್ನು ಕೊನೆಯ ಸಾಲಿನವರೆಗೂ ಓದಿ, ಮನೆ ಬಳಕೆಗೆ ಮಾತ್ರ, ವ್ಯಾಪಾರಕ್ಕಲ್ಲ ಎಂಬ ಇರುವೆ ಗಾತ್ರದ ಅಕ್ಷರಗಳನ್ನು ಹೆಕ್ಕಿ ತೋರಿಸಿದ್ದಳು. "ಇದನ್ನ ಹಾಕಿ ಆಸ್ಪತ್ರೆಯವರ ಮುಂದೆ ನಿಂತ್ರೆ, ಕಳ್ಳನನ್ನ ಹಿಡಿಯೋಕೆ ಮುಂಚೆ ನಿನ್ನನ್ನೇ ಹಿಡೀತಾರೆ."

ಎರಡನೆಯದು ದೊಡ್ಡ ಹೆಸರಿನದು. ಹಾಕಿದ ಹತ್ತೇ ನಿಮಿಷಕ್ಕೆ ಅದು ಪಾದದ ಚಿತ್ರ ತೆಗೆಯುವ ಸ್ಕ್ಯಾನರಿನ ಪ್ರೋಗ್ರಾಮನ್ನೇ ಕಳ್ಳನೆಂದು ಹಿಡಿದು ಒಳಗೆ ಹಾಕಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಬಿಡಿಸಿಕೊಡಿ ಎಂದು ಅವರ ಸಹಾಯವಾಣಿಗೆ ಫೋನು ಮಾಡಿದರೆ ಇಪ್ಪತ್ತೆರಡು ನಿಮಿಷ ಸಂಗೀತ ಕೇಳಿಸಿ, ಫೋನು ತಾನೇ ಕಡಿದುಹೋಯಿತು.

ಮೂರನೆಯದರ ಹೆಸರು ಯಾರೂ ಕೇಳಿದ್ದಲ್ಲ. ಅದರ ಸಹಾಯವಾಣಿಯಲ್ಲಿ ಫೋನು ನಾಲ್ಕು ಸಲ ರಿಂಗಾಗುವಷ್ಟರಲ್ಲಿ ಒಬ್ಬ ಹೆಂಗಸು ಎತ್ತಿಕೊಂಡು, ಎಷ್ಟು ಕಂಪ್ಯೂಟರು, ಯಾರು ಯಾರು ಬಳಸುತ್ತಾರೆ, ಅವರಲ್ಲಿ ಕನ್ನಡಕ ಹಾಕುವವರು ಎಷ್ಟು ಎಂದು ಕೇಳಿದ್ದಳು. ಕನ್ನಡಕದ ಪ್ರಶ್ನೆ ಅತ್ತೆಗೆ ಹಿಡಿಸಿತು. ಎಚ್ಚರಿಕೆಯನ್ನು ಓದಲಾಗದವರಿಗೆ ಎಷ್ಟು ಎಚ್ಚರಿಸಿ ಏನು ಪ್ರಯೋಜನ? ಈಗ ಪರೀಕ್ಷೆಗೆ ಹಾಕಿ ನೋಡುತ್ತಿದ್ದದ್ದು ಈ ಮೂರನೆಯದನ್ನೇ.

"ಮತ್ತೆ ಬಾರಿಸು," ಎಂದಳು ಈಗ.

"ಐದು ಸಲ ಆಯ್ತಲ್ಲ ಅತ್ತೆ. ಹಿಡಿಯುತ್ತೆ ಅಂತ ಗೊತ್ತಾಯ್ತಲ್ಲ."

"ಅದು ಹಿಡಿಯುತ್ತೆ ಅಂತ ಗೊತ್ತಾಯ್ತು. ನಾನು ಹಿಡಿಯೋದು ಬೇರೆ ಇದೆ. ಬಾಗಿಲ ಸಂದಿಯಲ್ಲಿ ನೋಡ್ತಾ ಬಾರಿಸು."

ಟಿಣ್.

ಯಜಮಾನಿ ಸಂದಿಯಲ್ಲಿ ನೋಡಿದಳು. ಬೆಂಚಿನ ಹಿಂದೆ ಕೂತಿದ್ದ ಅಚ್ಚುಮಾವ ಅರ್ಧ ಎದ್ದಿದ್ದ. ಎಡಗೈಯಲ್ಲಿ ಮರದ ಪಾದ, ಬಲಗೈ ಮಂಡಿಯ ಮೇಲೆ. ಎರಡು ಹೆಜ್ಜೆ ಯಂತ್ರದ ಕೋಣೆಯ ಕಡೆಗೆ ಇಟ್ಟು, ಏನೋ ನೆನಪಾದವನಂತೆ ನಿಂತು, ತಲೆ ಕೊಡವಿ ಮತ್ತೆ ಕೂತ.

ಯಂತ್ರದ ಕೋಣೆಯಲ್ಲಿದ್ದ ಕೊರೆಯುವ ಯಂತ್ರಕ್ಕೆ ಒಂಬತ್ತು ದಿನಗಳಿಂದ ಕೆಲಸವಿರಲಿಲ್ಲ. ಸ್ಕ್ಯಾನರಿನ ಫೈಲೇ ಇಲ್ಲದ ಮೇಲೆ ಅದು ಏನನ್ನು ಕೊರೆದೀತು? ಅದರ ತಂತಿಯನ್ನೂ ಕಿತ್ತಿಟ್ಟಿದ್ದರು.

"ಯಂತ್ರ ನಿಂತಿದೆ. ಆದ್ರೂ ಮನುಷ್ಯ ಏಳ್ತಾನೆ," ಎಂದಳು ಅತ್ತೆ ಮೆಲ್ಲಗೆ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿಕೊಂಡ ಅಂತಾರಲ್ಲ, ಇವನು ಮಂಡಿ ಮುಟ್ಟಿಕೊಂಡ. ಆರಕ್ಕೆ ಆರು ಸಲ."

ಯಜಮಾನಿ ಸಂದಿಯಿಂದ ಈಚೆ ಸರಿದಳು. "ಬೇಡ ಅತ್ತೆ," ಎಂದಳು. "ಮಾವ ಆಗಿರಲ್ಲ."

"ಆಗಿರಬಾರದು ಅಂತ ನಂಗೂ ಇದೆ. ಬಾ."

ಅಚ್ಚುಮಾವ ಯಾರಿಗೂ ಮಾವನಲ್ಲ. ಯಜಮಾನಿಯ ತಂದೆ ಈ ಕಾರ್ಯಾಗಾರ ಶುರುಮಾಡಿದ ದಿನ ಮರದ ದಿಮ್ಮಿ ಹೊತ್ತುಕೊಂಡು ಬಂದವನು, ಇನ್ನೂ ಹೋಗಿಲ್ಲ. ಬೂಟು ಕೂರಿಸುವ ಮರದ ಪಾದ, ಅಂದರೆ ಅಚ್ಚು, ಮಾಡುವುದು ಅವನ ಕಸುಬು. ಯಂತ್ರ ಬಂದ ಮೇಲೆ ಒರಟು ಕೊರೆತ ಅದರದು, ನಯಗಾರಿಕೆ ಇವನದು.

ಮೂವರೂ ಹಿಂದಿನ ಕೋಣೆಯಲ್ಲಿ ಸೇರಿದರು. ಮೂರು ಗೋಡೆಗೂ ಹಲಗೆ. ಹಲಗೆಯ ತುಂಬ ಜೋಡಿ ಜೋಡಿ ಮರದ ಪಾದಗಳು. ಕಿಟಕಿಯ ಬಿಸಿಲಿನಲ್ಲಿ ಮರದ ಪುಡಿ ತೇಲುತ್ತಿತ್ತು.

"ಯಂತ್ರ ಕೆಲಸ ಮುಗಿಸಿದಾಗ ಏನು ಸದ್ದು ಮಾಡುತ್ತೆ?" ಎಂದು ಕೇಳಿದಳು ಅತ್ತೆ.

"ಟಿಣ್ ಅನ್ನುತ್ತೆ," ಎಂದ ಅಚ್ಚುಮಾವ.

"ಅಂದ ಮೇಲೆ?"

"ಅರ್ಧ ನಿಮಿಷದಲ್ಲಿ ಹೋಗಿ ಹಿಡಿಕೆ ಬಿಡಿಸಬೇಕು. ಇಲ್ಲಾಂದ್ರೆ ಬ್ಲೇಡು ಹಿಮ್ಮಡಿ ಸವರಿಬಿಡುತ್ತೆ. ಇಡೀ ದಿನದ ಕೆಲಸ ನೀರಲ್ಲಿ ಹೋಮ."

"ಹಳೇ ಆಂಟಿವೈರಸ್ ಏನು ಸದ್ದು ಮಾಡ್ತಿತ್ತು?"

ಅಚ್ಚುಮಾವ ಕೈಯಲ್ಲಿದ್ದ ಮರದ ಪಾದದ ಬೆರಳುಗಳನ್ನು ಒಂದೊಂದಾಗಿ ಸವರಿದ.

"ಅದೂ ಟಿಣ್ ಅಂತಿತ್ತು," ಎಂದ ಕೊನೆಗೆ. "ಇವಳು ಒಬ್ಬೊಬ್ಬರ ಕಾಲಿನ ಚಿತ್ರ ಸೇವ್ ಮಾಡ್ದಾಗಲೂ, ಪರೀಕ್ಷೆ ಮಾಡ್ದೆ ಟಿಣ್, ಎಲ್ಲಾ ಸರಿ ಇದೆ ಟಿಣ್. ದಿನಕ್ಕೆ ನಲವತ್ತು ಸಲ. ಗೋಡೆ ಆಚೆ ಯಾವ ಟಿಣ್ಣು ಯಾರದು ಅಂತ ಹೇಗೆ ಗೊತ್ತಾಗಬೇಕು? ನಲವತ್ತು ಸಲ ಎದ್ದು ಓಡ್ತಿದ್ದೆ. ಓಡಿ ನೋಡಿದ್ರೆ ಯಂತ್ರ ಇನ್ನೂ ಕೊರೀತಾ ಇರುತ್ತೆ. ನನ್ನ ಮಂಡಿ ಇರೋ ಸ್ಥಿತಿ ನಿಮಗೆ ಗೊತ್ತು."

"ಅದಕ್ಕೆ ನೀನು ಆರಿಸಿಬಿಟ್ಟೆ," ಎಂದಳು ಅತ್ತೆ.

"ಸದ್ದು ಮಾತ್ರ ಆರಿಸೋಣ ಅಂತ ಹೋದೆ. ಇವಳು ಊಟಕ್ಕೆ ಹೋಗಿದ್ಲು. ಮೂಲೆಯಲ್ಲಿ ಗುರಾಣಿ ಚಿತ್ರ ಇತ್ತು, ಒತ್ತಿದೆ. ಎಷ್ಟು ಹೊತ್ತು ನಿಲ್ಲಿಸಲಿ ಅಂತ ಕೇಳ್ತು. ಹದಿನೈದು ನಿಮಿಷ, ಒಂದು ದಿನ, ಶಾಶ್ವತ." ಅವನು ತಲೆಯೆತ್ತಿದ. "ನನ್ನ ಮಂಡಿನೋವು ಹದಿನೈದು ನಿಮಿಷದ್ದಲ್ಲವಲ್ಲ. ಶಾಶ್ವತ ಅನ್ನೋದನ್ನ ಒತ್ತಿದೆ."

ಅತ್ತೆ ನಗಬಾರದೆಂದು ತುಟಿ ಕಚ್ಚಿಕೊಂಡಳು. ಯಜಮಾನಿಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ.

"ಮರುದಿನದಿಂದ ಎಷ್ಟು ನೆಮ್ಮದಿ ಗೊತ್ತಾ," ಎಂದ ಅವನು ತನಗೇ ಹೇಳಿಕೊಳ್ಳುವಂತೆ. "ಫೈಲಿಗೆಲ್ಲ ಬೀಗ ಬಿದ್ದ ದಿನ ನನಗೆ ಅರ್ಥ ಆಗ್ಲಿಲ್ಲ. ನಿನ್ನೆ ನೀವು ಯಾರೋ ಆರಿಸಿದ್ದಾರೆ ಅಂದಾಗ ಅರ್ಥ ಆಯ್ತು. ರಾತ್ರಿಯೆಲ್ಲ ಹೇಳೋಣ ಅಂತ ಇದ್ದೆ. ಬಾಯಿ ಬರ್ಲಿಲ್ಲ." ಅಂಗೈಯಲ್ಲಿದ್ದ ಅಚ್ಚನ್ನು ಹಲಗೆಯ ಮೇಲಿಟ್ಟ. "ನಾಲ್ಕು ಗಂಟೆಗೆ ಬರೋರಿಗೆ ನನ್ನ ಹೆಸರು ಹೇಳಿಬಿಡು. ಮುದುಕ ತಪ್ಪು ಮಾಡ್ದ, ಕಳಿಸಿಬಿಟ್ಟೆ ಅನ್ನು. ಶಟರು ತೆಗೆದೇ ಇರಲಿ."

ಅವನು ಏಪ್ರನ್ನಿನ ಗಂಟಿಗೆ ಕೈ ಹಾಕಿದ.

"ಗಂಟು ಬಿಚ್ಚಬೇಡ," ಎಂದಳು ಯಜಮಾನಿ.

ಇಲ್ಲಿ ಒಂದು ಮಾತು ಹೇಳಬೇಕು. ಕಂಪ್ಯೂಟರಿಗೆ ಬೀಗ ಬಿದ್ದ ಮರುದಿನ ಅಚ್ಚುಮಾವ ಕೈಗಾಡಿಯೊಂದನ್ನು ತಳ್ಳಿಕೊಂಡು ಬಂದಿದ್ದ. ಅದರಲ್ಲಿ ಕಂದು ಕಾಗದದ ಸುರುಳಿಗಳು. ನಾನೂರ ಹನ್ನೆರಡು ಜೋಡಿ ಪಾದಗಳು, ಒಂದೊಂದನ್ನೂ ಕಾಗದದ ಮೇಲೆ ನಿಲ್ಲಿಸಿ ಪೆನ್ಸಿಲಿನಲ್ಲಿ ಸುತ್ತು ಗೆರೆ ಎಳೆದು, ಎಲ್ಲಿ ಒತ್ತುತ್ತದೆ, ಎಲ್ಲಿ ಮುಟ್ಟಿದರೆ ನೋವು ಎಂದು ಬದಿಯಲ್ಲಿ ಬರೆದವು. ಸ್ಕ್ಯಾನರು ಬಂದ ಮೇಲೂ ಅವನು ಗೆರೆ ಎಳೆಯುವುದನ್ನು ಬಿಟ್ಟಿರಲಿಲ್ಲ. ಜಾಗವಿಲ್ಲ, ಸುಟ್ಟುಬಿಡು ಎಂದು ಯಜಮಾನಿ ಎಂಟು ಸಲ ಹೇಳಿದ್ದಳು. ಆಗಲಿ ಎಂದು ಎಂಟು ಸಲವೂ ತಲೆಯಾಡಿಸಿ, ಸುರುಳಿಗಳನ್ನು ತನ್ನ ಮನೆಯ ಮಂಚದ ಕೆಳಗೆ ಸೇರಿಸಿದ್ದ. ಹೆಂಡತಿ ಎರಡು ವರ್ಷದಿಂದ ನಾನೂರು ಜನರ ಕಾಲ ಮೇಲೆ ಮಲಗುತ್ತಿದ್ದೇನೆ ಎಂದು ಬೈಯುತ್ತಲೇ ಇದ್ದಳು.

ಬಸ್ ಕಂಡಕ್ಟರ್ ಒಬ್ಬಳ ಎಡಗಾಲಿನ ಬೂಟು ಮೂರನೆಯ ದಿನವೇ ತಲುಪಿದ್ದು ಆ ಕಾಗದದಿಂದ. ಆಕೆ ಒಂದು ದಿನವೂ ಕೆಲಸ ತಪ್ಪಿಸಿಕೊಳ್ಳಲಿಲ್ಲ. ಲ್ಯಾಪ್‌ಟಾಪಿಗೆ ಈಗಾಗಲೇ ತೊಂಬತ್ತು ಜನರ ಕಾಲುಗಳನ್ನು ಮತ್ತೆ ಏರಿಸಿದ್ದು ಆ ಕಾಗದದಿಂದ.

"ನಾನು ಸುಡು ಅಂದೆ, ನೀನು ಉಳಿಸಿದೆ," ಎಂದಳು ಯಜಮಾನಿ. "ಆ ಸದ್ದು ನಿನಗೆ ತೊಂದರೆ ಕೊಡ್ತಿದೆಯಾ ಅಂತ ನಾನು ಒಂದು ದಿನ ಕೇಳ್ಲಿಲ್ಲ. ನಲವತ್ತು ಸಲ ಎದ್ದು ಓಡೋದು ನೋಡ್ತಾ ಕೂತಿದ್ದೆ. ಮಾವ, ನೀನು ಇಲ್ದಿದ್ರೆ ನಾನು ಒಂಬತ್ತು ದಿನದ ಹಿಂದೆಯೇ ಬೀದಿಗೆ ಬಿದ್ದಿರ್ತಿದ್ದೆ. ಋಣ ನಂದು. ನಿನ್ನ ಹೆಸರು ಆ ಕಾಗದದಲ್ಲಿ ಬರಲ್ಲ."

ಅಚ್ಚುಮಾವ ಏಪ್ರನ್ನಿನ ಗಂಟಿನಿಂದ ಕೈ ತೆಗೆದ. ಹಲಗೆಯ ಮೇಲಿಟ್ಟ ಅಚ್ಚನ್ನು ಮತ್ತೆ ಕೈಗೆತ್ತಿಕೊಂಡ.

"ಸರಿ, ಕಣ್ಣೊರೆಸಿಕೊಳ್ಳಿ ಇಬ್ರೂ," ಎಂದಳು ಅತ್ತೆ, ತನ್ನದನ್ನೂ ಒರೆಸಿಕೊಂಡು. "ಬೀಗ ಆಯ್ಕೊಳ್ಳೋಣ ಬನ್ನಿ. ಮಾವನ ಮಂಡಿಗೆ ಒಪ್ಪೋ ಬೀಗ."

ಮೂರನೆಯದನ್ನು ಆಯ್ದುಕೊಂಡರು. ಅದನ್ನು ಮುಚ್ಚಬೇಕೆಂದರೆ ಯಜಮಾನಿಯ ಗುಪ್ತಪದ ಬೇಕು; ಶಾಶ್ವತ ಎಂಬ ಗುಂಡಿಯೇ ಅದರಲ್ಲಿಲ್ಲ. ಎಲ್ಲ ಕಂಪ್ಯೂಟರುಗಳ ಕಾವಲನ್ನೂ ಒಂದೇ ಪರದೆಯಲ್ಲಿ ನೋಡಬಹುದು. ಯಾವ ಪೆನ್‌ಡ್ರೈವ್ ಹಾಕಿದರೂ ಮೊದಲು ಜಾಲಾಡಿ ಆಮೇಲೆ ಒಳಗೆ ಬಿಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಸದ್ದನ್ನು ಬದಲಾಯಿಸಬಹುದು. ಅಚ್ಚುಮಾವ ಕಣ್ಣು ಮುಚ್ಚಿ ಕೂತು ಹನ್ನೊಂದು ಸದ್ದು ಕೇಳಿ, ಮರದ ಬಾಗಿಲನ್ನು ಎರಡು ಸಲ ತಟ್ಟಿದಂತಿದ್ದ ಒಂದನ್ನು ಒಪ್ಪಿದ. ಅಪಾಯ ಕಂಡರೆ ಮಾತ್ರ ತಟ್ಟಬೇಕು, ಎಲ್ಲಾ ಸರಿ ಇದೆ ಎಂದು ತಟ್ಟಕೂಡದು ಎಂಬ ಷರತ್ತಿನ ಮೇಲೆ.

"ಎಲ್ಲಾ ಸರಿ ಇದ್ರೆ ಬಾಯಿ ಮುಚ್ಚಿಕೊಂಡಿರ್ಬೇಕು," ಎಂದ. "ಮನುಷ್ಯರಿಗೂ ಅದೇ ಮಾತು."

ಹೊಸ ಆಂಟಿವೈರಸ್ಸನ್ನು ಕಾಯಂ ಆಗಿ ಮೊದಲು ಲ್ಯಾಪ್‌ಟಾಪಿಗೆ, ಆಮೇಲೆ ಮುಂದಿನ ಕೋಣೆಯ ಬೀಗ ಬಿದ್ದ ಕಂಪ್ಯೂಟರಿಗೆ ಹಾಕಿದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವವರು ಅನ್ನಲಿ, ಕಳ್ಳ ಬಂದ ದಾರಿಯನ್ನಾದರೂ ಅದು ತೋರಿಸೀತು ಎಂದು ಸಹಾಯವಾಣಿಯ ಹೆಂಗಸು ಹೇಳಿದ್ದಳು. ಅವಳು ಫೋನಿನಲ್ಲಿ ಹೇಳಿದಂತೆ ಯಜಮಾನಿ ಒಂದೊಂದೇ ಒತ್ತುತ್ತ ಹೋದಳು. ಮೂರು ಗಂಟೆ ದಾಟಿತು.

ತಟ್, ತಟ್.

ವೈರಸ್ ಸಿಕ್ಕಿತು. ಅದರ ಹುಟ್ಟಿನ ವಿವರವೂ ಸಿಕ್ಕಿತು. ಇಂಟರ್ನೆಟ್ಟಿನಿಂದ ಬಂದದ್ದಲ್ಲ, ಮಿಂಚಂಚೆಯಿಂದ ಬಂದದ್ದಲ್ಲ. ಪೆನ್‌ಡ್ರೈವಿನಿಂದ ಬಂದದ್ದು. ಬೀಗ ಬೀಳುವ ಹಿಂದಿನ ದಿನ, ಮಂಗಳವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ.

"ಮಂಗಳವಾರ ಹನ್ನೊಂದು ಇಪ್ಪತ್ತು," ಎಂದಳು ಯಜಮಾನಿ. "ಆವಾಗ ನಾನೂ ಮಾವನೂ ಇರಲೇ ಇಲ್ಲ. ಆಸ್ಪತ್ರೆಯಲ್ಲಿ ಮಕ್ಕಳಿಗೆ ಬೂಟು ಹಾಕಿ ನೋಡ್ತಿದ್ವಿ. ಇಲ್ಲಿ ಇದ್ದಿದ್ದು..."

ಆ ದಿನ ತೊಗಲಿನ ಲಾರಿ ಬರುವುದಿತ್ತು. ಬಂದು ಕೂತಿರು ಎಂದು ಅವಳು ಬೇಡಿಕೊಂಡದ್ದು ಅತ್ತೆಯನ್ನೇ.

ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಮುಖದ ಬಣ್ಣ ಇಳಿದಿತ್ತು. ಕೈಚೀಲದಿಂದ, ಸಿಕ್ಕ ಸಾಮಾನಿನ ಲೆಕ್ಕವನ್ನು ಈಗಲೂ ಕಾರ್ಬನ್ ಇಟ್ಟು ಬರೆದಿಡುತ್ತಿದ್ದ ಉದ್ದನೆಯ ಪುಸ್ತಕವನ್ನು ತೆಗೆದು, ಪುಟ ತಿರುವಿ, ಒಂದು ಕಡೆ ಬೆರಳಿಟ್ಟಳು.

"ನಾನೇ," ಎಂದಳು.

"ಅತ್ತೆ?"

"ಮೆಟ್ಟಿಲ ಮೇಲೆ ಬಿದ್ದಿತ್ತು. ಕಪ್ಪು ಪೆನ್‌ಡ್ರೈವ್. ಯಾರೋ ಪಾಪ ಕಳಕೊಂಡಿದ್ದಾರೆ ಅಂತ ಎತ್ತಿಕೊಂಡೆ, ಚೀಟಿ ಕಟ್ಟಿದೆ. ಯಾರದು ಅಂತ ತಿಳೀಬೇಕಲ್ಲ. ಮೂವತ್ತೊಂದು ವರ್ಷ ಮಾಡಿದ್ದು ಅದೊಂದೇ ಕೆಲಸ. ಚೀಲ ಬಿಚ್ಚಿ ನೋಡದೆ ವಾರಸುದಾರ ಸಿಗಲ್ಲ. ಕಂಪ್ಯೂಟರಿಗೆ ಹಾಕಿ ಬಿಚ್ಚಿದೆ. ಒಳಗೆ ಒಂದೇ ಒಂದು ಫೈಲಿತ್ತು, ಪಾದದ ಚಿತ್ರ ಇತ್ತು ಅದರ ಮೇಲೆ. ಒತ್ತಿದೆ. ಏನೂ ತೆರೀಲಿಲ್ಲ. ಖಾಲಿ ಅಂದ್ಕೊಂಡೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೆನಪೇ ಆಗ್ಲಿಲ್ಲ ಪುಟ್ಟೀ. ಅರ್ಧ ಗಂಟೆಗೆ ಅದರವರು ಬಂದ್ರು, ಸಹಿ ತಗೊಂಡು ಕೊಟ್ಟೆ. ವಾರಸುದಾರರಿಗೆ ತಲುಪಿದ್ದು ನಮ್ಮ ಲೆಕ್ಕದಲ್ಲಿ ಮುಗಿದ ಕತೆ. ಗೆರೆ ಹೊಡೆದು ಮರೀತೀವಿ, ಇಲ್ಲಾಂದ್ರೆ ತಲೆ ತುಂಬ ಬೇರೆಯವರ ಕೊಡೆಗಳೇ ತುಂಬಿಕೊಳ್ತವೆ." ಅತ್ತೆ ಕನ್ನಡಕ ತೆಗೆದಳು. "ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಒಂಬತ್ತು ದಿನ ಹುಡುಕಿದ್ದೀನಿ ನನ್ನನ್ನೇ. ನನ್ನ ಅಣ್ಣನ ಕಾರ್ಯಾಗಾರಕ್ಕೆ ನಾನೇ ಕಳ್ಳನನ್ನ ಕೈಹಿಡಿದು ಕರಕೊಂಡು ಬಂದೆ. ಬರಿ. ಸೋದರತ್ತೆ ಅಂತಲೇ ಬರಿ."

ಯಜಮಾನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಬ್ಬನು ಮಂಡಿ ನೋವಿಗೆ ಕಾವಲು ಆರಿಸಿದ್ದ, ಇನ್ನೊಬ್ಬಳು ಯಾರದೋ ಕಳೆದ ವಸ್ತುವಿಗೆ ಮರುಗಿ ಬಾಗಿಲು ತೆಗೆದಿದ್ದಳು. ಅದೇ ಇಬ್ಬರು ಒಂಬತ್ತು ದಿನ ಇವಳ ಹಿಂದೆ ನಿಂತಿದ್ದರು. ಒಬ್ಬನು ಕೈಬೆರಳು ಬೊಬ್ಬೆ ಬರುವವರೆಗೆ ಮರ ಕೆತ್ತಿದ್ದ, ಇನ್ನೊಬ್ಬಳು ಮನೆಗೂ ಹೋಗದೆ ಈ ಕುರ್ಚಿಯಲ್ಲಿ ಕೂತಿದ್ದಳು. ತನ್ನ ತಪ್ಪು ಕಂಡ ಕೂಡಲೇ ಅದನ್ನು ಮೇಜಿನ ಮೇಲೆ ಇಡುವ ಜನ ಎಷ್ಟು ಮಂದಿಗೆ ಸಿಗುತ್ತಾರೆ? ಅವಳ ಮನಸ್ಸು ತುಂಬಿ ಬಂತು. ಅತ್ತೆಯ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡು, "ನೀವಿಬ್ರೂ ನನ್ನ ಪುಣ್ಯ," ಎಂದಳು.

ಆಮೇಲೆ ಪೆನ್ನು ತೆಗೆದುಕೊಂಡು ಆಸ್ಪತ್ರೆಯ ಫಾರಮ್ಮಿನ ಎರಡನೇ ಪ್ರಶ್ನೆಯ ಕೆಳಗೆ ಬರೆದಳು: ಕಾವಲು ಆರಿತ್ತು, ಹೊರಗಿನ ಪೆನ್‌ಡ್ರೈವ್ ಒಳಗೆ ಬಂತು. ಎರಡನ್ನೂ ಮಾಡಬಾರದೆಂದು ನಮ್ಮವರಿಗೆ ಕಲಿಸಿಕೊಡದಿದ್ದವಳು ನಾನು. ಜವಾಬ್ದಾರಿ ನನ್ನದು.

ಅಚ್ಚುಮಾವ ಅದನ್ನು ಓದಿ ತನ್ನ ಬೆಂಚಿಗೆ ಹೋಗಿ ಕೂತ. ಉಜ್ಜುಕಾಗದದ ಸದ್ದು ಮತ್ತೆ ಶುರುವಾಯಿತು.

"ಆದ್ರೆ ಅತ್ತೆ," ಎಂದಳು ಯಜಮಾನಿ, "ನಮ್ಮ ಮೆಟ್ಟಿಲ ಮೇಲೆ, ಪಾದದ ಚಿತ್ರ ಇರೋ ಪೆನ್‌ಡ್ರೈವೇ ಯಾಕೆ ಬೀಳ್ಬೇಕು?"

ಅತ್ತೆ ಕನ್ನಡಕ ಹಾಕಿಕೊಂಡಳು. ಹಾಕಿಕೊಳ್ಳುತ್ತಿದ್ದಂತೆ ಹಳೆಯ ಅತ್ತೆಯಾದಳು.

"ಬಿದ್ದಿದ್ದಲ್ಲ. ಇಟ್ಟಿದ್ದು. ಎತ್ತಿಕೊಳ್ತಾರೆ ಅಂತ ಗೊತ್ತಿದ್ದೇ ಇಟ್ಟಿದ್ದು. ಕೆಲಸ ಆದ ಮೇಲೆ ವಾಪಸ್ ತಗೊಂಡು ಹೋಗೋಕೆ ಬಂದಿದ್ದು." ಪುಸ್ತಕವನ್ನು ಬೆಳಕಿಗೆ ತಿರುಗಿಸಿದಳು. ಕಾರ್ಬನ್ನಿನ ನೀಲಿ ಅಕ್ಷರ ಮಸುಕಾಗಿತ್ತು. ಸಹಿ ಇದ್ದ ಜಾಗದಲ್ಲಿ ಒಂದು ಗೆರೆ ಮಾತ್ರ, ಯಾರದೂ ಆಗಬಹುದಾದ ಗೆರೆ. ಅದರ ಕೆಳಗೆ ಅತ್ತೆ ರೂಢಿಯಂತೆ ಚಹರೆ ಬರೆದಿದ್ದಳು. "ಹೆಂಗಸು. ಎತ್ತರ. ಮೆತ್ತಗಿನ ದನಿ. ಬೂದು ಕೋಟು. ಕಂದು ಬೂಟು, ಎಡ ಹಿಮ್ಮಡಿ ಹೊರಬದಿಗೆ ಸವೆದಿದೆ."

"ಹಿಮ್ಮಡಿಯನ್ನೂ ನೋಡಿದ್ಯಾ?"

"ನಿಮ್ಮಪ್ಪನ ತಂಗಿ ನಾನು."

ಹೊರಗೆ ಕಾರೊಂದು ನಿಂತಿತು. ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ಇದೆ ಎನ್ನುತ್ತಿತ್ತು. ಮಧ್ಯಾಹ್ನದ ಬಿಸಿಲಿಗೆಂದು ಶಟರನ್ನು ಅರ್ಧ ಇಳಿಸಿದ್ದರಿಂದ ಬಂದವರ ಮುಖ ಕಾಣಲಿಲ್ಲ. ಮೆಟ್ಟಿಲ ಮೇಲೆ ಒಂದು ಜೊತೆ ಬೂಟು ಬಂದು ನಿಂತಿತು.

ಯಜಮಾನಿ ಯಾರನ್ನೇ ಆಗಲಿ ಮೊದಲು ನೋಡುವುದು ಕಾಲನ್ನು. ಅದು ಅವಳ ಕಸುಬು. ಕಂದು ಬೂಟು, ಒಳ್ಳೆಯ ತೊಗಲು, ಲಾಡಿ ಬಿಗಿಯಾಗಿ ಕಟ್ಟಿದ್ದು. ಎಡಗಾಲು ಒಂದಿಷ್ಟು ಹೊರಕ್ಕೆ ವಾಲಿತ್ತು. ಬಂದವರು ಕಾರಿನ ಕಡೆ ಏನೋ ಹೇಳಲು ಹಿಂದಕ್ಕೆ ತಿರುಗಿದರು. ಹಿಮ್ಮಡಿ ಕಾಣಿಸಿತು. ಹೊರಬದಿಗೆ ಸವೆದಿತ್ತು.

ಅತ್ತೆಯ ಕಡೆ ನೋಡಿದಳು. ಅತ್ತೆಯೂ ಅದನ್ನೇ ನೋಡುತ್ತಿದ್ದಳು. ಬೆರಳು ಇನ್ನೂ ಪುಸ್ತಕದ ಆ ಸಾಲಿನ ಮೇಲೇ ಇತ್ತು.

"ನಾಲ್ಕಕ್ಕೆ ಅಂದಿದ್ದೆ, ಸ್ವಲ್ಪ ಬೇಗ ಬಂದೆ," ಎನ್ನುತ್ತ ಬೂದು ಕೋಟಿನ ಹೆಂಗಸೊಬ್ಬಳು ಶಟರಿನ ಕೆಳಗೆ ಬಾಗಿ ಒಳಗೆ ಬಂದಳು. ತಪಾಸಣೆಯ ಹೊತ್ತು ಗೊತ್ತುಮಾಡುವಾಗ ಯಜಮಾನಿ ಆ ಮೆತ್ತಗಿನ ದನಿಯನ್ನು ಫೋನಿನಲ್ಲಿ ಎರಡು ಸಲ ಕೇಳಿದ್ದಳು. ಆಸ್ಪತ್ರೆಯ ಗುರುತಿನ ಚೀಟಿ ಕೊರಳಲ್ಲಿತ್ತು. "ನಾನು ತಪಾಸಣೆಯವಳು."

ಅವಳ ಕಣ್ಣು ಅತ್ತೆಯ ಮೇಲೆ ಬಿತ್ತು. ಮುಖ ಅರಳಿತು.

"ನೀವೂ ಇಲ್ಲೇ ಇದ್ದೀರಲ್ಲ. ಒಳ್ಳೇದಾಯ್ತು. ಅವತ್ತು ಗಡಿಬಿಡಿಯಲ್ಲಿ ನಿಮಗೆ ಥ್ಯಾಂಕ್ಸ್ ಹೇಳೋದನ್ನೇ ಮರೆತಿದ್ದೆ."

ಅತ್ತೆ ಪುಸ್ತಕ ಮುಚ್ಚಿದಳು. ಹೆಂಗಸು ಮೇಜಿನ ಬಳಿ ಬಂದು, ಫಾರಮ್ಮನ್ನು ನಿಧಾನವಾಗಿ ಓದಿ, ಸಹಿ ಹಾಕದೆ ಬದಿಗಿಟ್ಟಳು. ಚೀಲದೊಳಗೆ ಕೈ ಹಾಕಿ ಒಂದು ಕಪ್ಪು ಪೆನ್‌ಡ್ರೈವ್ ತೆಗೆದಳು. ಅದಕ್ಕೆ ಕೆಂಪು-ಬಿಳಿ ದಾರದಲ್ಲಿ ಕಂದು ರಟ್ಟಿನ ಚೀಟಿ ಇನ್ನೂ ನೇತಾಡುತ್ತಿತ್ತು.

"ಹೊಸ ಆಂಟಿವೈರಸ್ ಹಾಕಿದ್ದೀರಿ ಅಂತ ಬರೆದಿದ್ದೀರಿ," ಎಂದಳು, ತೊಂಬತ್ತು ಜನರ ಕಾಲುಗಳಿದ್ದ ಲ್ಯಾಪ್‌ಟಾಪಿನ ಕಡೆಗೆ ಅದನ್ನು ಚಾಚುತ್ತ. "ಇದನ್ನ ಅದಕ್ಕೆ ಹಾಕಿ. ಏನಾಗುತ್ತೆ ನೋಡೋಣ. ಸಹಿ ಆಮೇಲೆ."

ಯಜಮಾನಿಯ ಕೈ ಮುಂದೆ ಬರಲಿಲ್ಲ. ಇವಳು ಅದನ್ನು ಮೆಟ್ಟಿಲ ಮೇಲೆ ಇಟ್ಟದ್ದು ಪರೀಕ್ಷೆಗೋ, ಕೇಡಿಗೋ? ಸಹಿ ಬೇಕಾದರೆ ಹಾಕಲೇಬೇಕು. ಹಾಕಿದರೆ ಮಾವನ ಮಂಚದ ಕೆಳಗಿನಿಂದ ಎದ್ದುಬಂದ ತೊಂಬತ್ತು ಜನ ಮತ್ತೆ ಬೀಗದೊಳಗೆ ಹೋಗಬಹುದು.

ಯಾವ ಗಂಟೆಯೂ ಬಾರಿಸಿರಲಿಲ್ಲ. ಆದರೂ ಪಕ್ಕದ ಕೋಣೆಯಲ್ಲಿ ಉಜ್ಜುಕಾಗದದ ಸದ್ದು ನಿಂತು, ಅಚ್ಚುಮಾವ ಎದ್ದು ಬರುವ ಹೆಜ್ಜೆ ಕೇಳಿಸಿತು.